ಮೀಟರ್ ಅಣ್ಣ ಮಾಡಿದ ಪೆಟ್ಟಿಗೆ

ಆ ಟೀವಿ ಸೌಂಡ್ ಸ್ವಲ್ಪ ಕಮ್ಮಿ ಮಾಡು ಮೊದಲು. ಇನ್ನೂ ಸ್ವಲ್ಪ… ಹಾಂ, ಸಾಕು. ಈಗ ಹೇಳ್ತೀನಿ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ಮಧ್ಯ ಬಾಯಿ ಹಾಕಬೇಡಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು.

ಅವನನ್ನ ನಾವೆಲ್ಲ ಮೀಟರ್ ಅಣ್ಣ ಅಂತಿದ್ವಿ. ನೀರಿನ ಪಂಪ್‌ಹೌಸಿನಲ್ಲಿ ಎಲೆಕ್ಟ್ರೀಷಿಯನ್. ಕರೆಂಟ್ ಅಳೆಯೋ, ಮುಳ್ಳಿನ ಹಳೇ ಮೀಟರ್ ಒಂದು ಸದಾ ಅವನ ಜೇಬಲ್ಲಿ. ಮದುವೆ ದಿನಾನೂ ಇತ್ತು ಅಂತ ಅವನ ಹೆಂಡತಿ, ನಮ್ಮತ್ತಿಗೆ, ಹೇಳಿ ಹೇಳಿ ನಗ್ತಿದ್ದಳು. ಅಳೆಯದೆ ಏನನ್ನೂ ನಂಬೋ ಜಾತಿ ಅಲ್ಲ ಅವನು. ದೆವ್ವ ಅಂದ್ರೆ ‘ಎಷ್ಟು ವೋಲ್ಟು?’ ಅಂತ ಕೇಳೋನು. ಅಂಥವನಿಗೆ ಆಯ್ತು ನೋಡಿ. ನಿಮಗೋ ನನಗೋ ಆಗಿದ್ರೆ, ಪುಕ್ಕಲರು, ಏನೋ ಕಂಡು ಹೆದರ್ಕೊಂಡ್ರು ಅನ್ನಬಹುದಿತ್ತು.

ಒಂದು ರಾತ್ರಿ, ಹನ್ನೊಂದು ದಾಟಿದೆ. ಮೀಟರ್ ಅಣ್ಣ ಗೋಣಿಚೀಲ ಹೆಗಲಿಗೆ ಹಾಕ್ಕೊಂಡು ಮನೆ ಕಡೆ ಬರ್ತಿದಾನೆ. ಚೀಲದಲ್ಲಿ ಒಂದು ಆಂಪ್ಲಿಫೈಯರ್. ಹದಿನಾಲ್ಕು ಕೆಜಿ ತೂಕ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಅವನ ಚಪ್ಪಲಿ ಸದ್ದು… ಚರಕ್, ಚರಕ್. ಚೀಲದ ಒಳಗೆ ವೈರಿನ ತುದಿ ತಗಡಿಗೆ ತಾಗೋ ಸದ್ದು… ಟಿಣ್. ಅಷ್ಟೇ.

ಬೀದಿ ತಿರುವಿನಲ್ಲಿ ಒಂದು ಬಾವಿ ಇದೆ. ನೀರು ಸೇದೋದು ಬಿಟ್ಟು ಎಷ್ಟೋ ವರ್ಷ ಆಯ್ತು, ಮೇಲೆ ಕಬ್ಬಿಣದ ತಗಡು ಮುಚ್ಚಿ ಬೆಸುಗೆ ಹಾಕಿದಾರೆ. ಅದರ ಪಕ್ಕಕ್ಕೆ ಬಂದ. ಹೆಗಲು ಬದಲಾಯಿಸೋಣ ಅಂತ ನಿಂತ.

ಟಕ್.

ಚೀಲದ ಒಳಗಿಂದ.

ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಆಂಪ್ಲಿಫೈಯರ್ ಆನ್ ಮಾಡಿದ ನಾಲ್ಕು ಸೆಕೆಂಡಿಗೆ ಒಳಗೊಂದು ರಿಲೇ ಬೀಳುತ್ತೆ. ಸ್ಪೀಕರಿಗೆ ದಾರಿ ಬಿಡೋ ಪುಟ್ಟ ಬಾಗಿಲು ಅಂತ ಇಟ್ಕೊಳ್ಳಿ. ಕರೆಂಟ್ ಬಂದ್ರೆ ಟಕ್ ಅಂತ ತೆಗೆಯುತ್ತೆ, ಹೋದ್ರೆ ಟಕ್ ಅಂತ ಮುಚ್ಚುತ್ತೆ. ಇದಕ್ಕೆಲ್ಲಿಯ ಕರೆಂಟು? ಪ್ಲಗ್ಗು ಚೀಲದಿಂದ ಹೊರಗೆ ಇಲಿ ಬಾಲದ ಹಾಗೆ ನೇತಾಡ್ತಿದೆ.

ಬಾವಿ ತಗಡನ್ನ ನೋಡಿದ. ಒಂದು ಕಾಲದಲ್ಲಿ ಅವನ ಮಗಳು ಸ್ಕೂಲಿಂದ ಬರ್ತಾ ದಿನಾ ಅದರ ಮೇಲೆ ಹತ್ತಿ ಕುಣೀತಿದ್ದಳು. ದಂ, ದಂ, ದಂ. ‘ಅಲುಗಾಡಿ ರಿಲೇ ಕೂತಿರಬೇಕು’ ಅಂತ ತನಗೆ ತಾನೇ ಹೇಳ್ಕೊಂಡ, ಚೀಲ ಎತ್ತಿದ, ಹೆಜ್ಜೆ ಜೋರು ಮಾಡಿದ. ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ರೆ ಏನು ಕಾಣಿಸ್ತಿತ್ತೋ, ನನಗೂ ಗೊತ್ತಿಲ್ಲ.

ಹೊತ್ತಲ್ಲದ ಹೊತ್ತಿನಲ್ಲಿ ಆಂಪ್ಲಿಫೈಯರ್ ಹೊತ್ಕೊಂಡು ಬರೋ ಹುಚ್ಚು ಯಾಕಪ್ಪಾ ಅಂತೀರ. ಅದಕ್ಕೆ ಅವರ ಮನೆ ಸಂಗತಿ ಗೊತ್ತಿರಬೇಕು.

ನಮ್ಮತ್ತಿಗೆ ಮಗ್ಗದ ಶೆಡ್ಡಿನಲ್ಲಿ ಹದಿನಾರು ವರ್ಷ ದುಡಿದವಳು. ನಲವತ್ತು ಮಗ್ಗ ಒಟ್ಟಿಗೆ ಬಡ್ಕೊಳ್ಳೋ ಜಾಗ ಅದು. ಅಲ್ಲಿ ನಿಂತವರ ಕಿವಿ ಉಳಿಯಲ್ಲ, ಅವಳದ್ದೂ ಉಳೀಲಿಲ್ಲ. ಶೆಡ್ಡಿನವರ ಮಾತೇ ಬೇರೆ. ದನಿ ಇಲ್ಲ, ಬರೀ ತುಟಿ. ಬಾಯಿ ದೊಡ್ಡದಾಗಿ ತೆರೆದು ತುಟಿಯಲ್ಲೇ ಆಡ್ತಾರೆ, ಎದುರಿಗಿದ್ದವರು ಓದ್ಕೋಬೇಕು. ಅತ್ತಿಗೆ ಆ ಮಾತನ್ನ ಮನೆಗೂ ತಂದಳು. ಗಂಡ ಕಲಿತ. ಮಗಳಂತೂ ತೊಟ್ಟಿಲಿಂದಲೇ ಕಲಿತಳು. ಆ ಮನೆಯಲ್ಲಿ ಗಂಡ ಹೆಂಡತಿ ಜಗಳ ಆಡಿದ್ರೂ ಪಕ್ಕದ ಮನೆಗೆ ಕೇಳ್ತಿರಲಿಲ್ಲ, ಎಷ್ಟೋ ಜನ ಅದಕ್ಕೇ ಹೊಟ್ಟೆ ಉರ್ಕೊಳ್ಳೋರು. ಕತ್ತಲಲ್ಲಿ ಏನಾದ್ರೂ ಹೇಳಬೇಕಾದ್ರೆ ಟಾರ್ಚನ್ನ ತಮ್ಮ ಮುಖಕ್ಕೇ ಬಿಟ್ಕೊಂಡು ತುಟಿ ಆಡಿಸಬೇಕು. ಗೊತ್ತಿಲ್ಲದೆ ನೋಡಿದವರು ಕಿರುಚ್ಕೋಬೇಕು, ಹಾಗಿರ್ತಿತ್ತು.

ಆದ್ರೆ ಬೆನ್ನು ತಿರುಗಿಸಿ ನಿಂತವಳನ್ನ ಕರೆಯೋದು ಹೇಗೆ? ಅದಕ್ಕೆ ಮಗಳು ಉಪಾಯ ಕಂಡ್ಕೊಂಡಳು. ಅವರದು ಗೋದಾಮಿನ ಮೇಲಿನ ಮಹಡಿ ಮನೆ, ಹಲಗೆ ನೆಲ. ಹಿಮ್ಮಡಿಯಿಂದ ಬಡಿದ್ರೆ ಇಡೀ ನೆಲ ಅದುರುತ್ತೆ, ಅತ್ತಿಗೆಯ ಅಂಗಾಲಿಗೆ ಗೊತ್ತಾಗುತ್ತೆ. ಎರಡು ಸಲ ಬಡಿದ್ರೆ ‘ಅಮ್ಮ, ಬಾ’. ಮೂರು ಸಲ ಬಡಿದ್ರೆ ‘ಬಾಗಿಲು ತೆಗಿ’. ಸ್ಕೂಲಿಂದ ಬಂದು ಮೆಟ್ಟಿಲ ತುದಿಯ ಹಲಗೆ ಮೇಲೆ ನಿಂತು ದಬ್, ದಬ್, ದಬ್. ಆರು ವರ್ಷದ ಹುಡುಗಿ, ಬೆಂಕಿಪೊಟ್ಟಣದಷ್ಟು ಪಾದ, ಸದ್ದು ಮಾತ್ರ ಆನೆದು. ಅವರಪ್ಪ ಅವಳಿಗೆ ಗುಡುಗಮ್ಮ ಅಂತ ಹೆಸರಿಟ್ಟಿದ್ದ.

ಗುಡುಗಮ್ಮನಿಗೆ ಇನ್ನೊಂದು ಚಾಳಿ ಇತ್ತು. ಸ್ಪೀಕರ್ ನಡುವೆ ಅರ್ಧ ಮೊಟ್ಟೆ ಹಾಗೆ ಒಂದು ಉಬ್ಬು ಇರುತ್ತಲ್ಲ, ಅದನ್ನ ಬೆರಳಲ್ಲಿ ಒತ್ತೋದು. ಒತ್ತಿದ್ರೆ ಪುಸಕ್ ಅಂತ ಗುಳಿ ಬೀಳುತ್ತೆ, ಮತ್ತೆ ಏಳಲ್ಲ. ಮಕ್ಕಳಿರೋ ಮನೆಯಲ್ಲಿ ಇದೇ ಹಣೆಬರಹ. ಮೀಟರ್ ಅಣ್ಣ ಜೋಡಿಸಿಟ್ಟಿದ್ದ ಹೋಮ್ ಥಿಯೇಟರಿನಲ್ಲಿ ಒಂದು ಸ್ಪೀಕರನ್ನೂ ಅವಳು ಬಿಟ್ಟಿರಲಿಲ್ಲ. ಅವನು ಅವಳ ಮೇಲೆ ಕೈ ಮಾಡಿದ್ದು ಒಂದೇ ಸಲ, ಅದೂ ಇದಕ್ಕೇ. ಆ ಏಟು ಅವನಿಗೆ ಇವತ್ತಿಗೂ ಅಂಗೈಯಲ್ಲಿದೆ.

ಜ್ವರ ಬಂತು. ಮೂರು ದಿನ. ಆಸ್ಪತ್ರೆಗೆ ಹೋದವರು ಮೂರು ಜನ, ವಾಪಸ್ ಬಂದವರು ಇಬ್ಬರು.

ಅತ್ತಿಗೆ ಅತ್ತಿದ್ದನ್ನ ನಾನು ನೋಡಲಿಲ್ಲ. ಬರಿಗಾಲಲ್ಲಿ ಮನೆ ತುಂಬ ನಡೀತಿದ್ದಳು. ಒಂದು ಹಲಗೆ ಮೇಲೆ ನಿಲ್ಲೋಳು… ಕಾಯೋಳು… ಇನ್ನೊಂದಕ್ಕೆ ಹೋಗೋಳು. ಒಂದು ದಿನ ನನ್ನ ಕಡೆ ತಿರುಗಿ ತುಟಿಯಲ್ಲೇ ಹೇಳಿದಳು, ‘ಕಿವಿ ಹೋದಾಗ ನಾನು ಕಿವುಡಿ ಆಗಲಿಲ್ಲ ಕಣಪ್ಪ. ಈಗ ಆದೆ.’ ಶೆಡ್ಡಿಗೆ ಹೋಗೋದು ನಿಂತಿತು. ಆಮೇಲೆ ಓಡಾಟವೂ ನಿಂತಿತು. ಊಟ ಅಂದ್ರೆ ಎರಡು ತುತ್ತು, ಅದೂ ಗಂಡನ ಬಲವಂತಕ್ಕೆ. ಮೈಯಲ್ಲಿ ಕಾಯಿಲೆ ಏನೂ ಇಲ್ಲ ಅಂದ್ರು ಡಾಕ್ಟರು. ಕಾಯಿಲೆ ಇಲ್ಲದೇನೇ ಅವಳು ಕರಗ್ತಿದ್ದಳು. ಮಗಳು ಹೋದ ದಾರೀಲಿ ಇವಳೂ ಹೊರಟಳು ಅಂತ ಮೀಟರ್ ಅಣ್ಣನಿಗೆ ಗೊತ್ತಾಯ್ತು. ಅದನ್ನ ಅಳೆಯೋಕೆ ಅವನಿಗೆ ಮೀಟರ್ ಬೇಕಾಗಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಕೆಳಗೆ ಗೋದಾಮಿನಲ್ಲಿ ಲಾರಿಯಿಂದ ಒಂದು ಪೀಪಾಯಿ ಉರುಳಿ ಬಿತ್ತು. ಧಡ್ ಅಂತ ಮನೆಯೆಲ್ಲ ಅದುರಿತು. ಹಾಸಿಗೆ ಹಿಡಿದಿದ್ದ ಅತ್ತಿಗೆ ತಲೆ ಎತ್ತಿದಳು. ಕಣ್ಣು ಏನನ್ನೋ ಹುಡುಕಿತು. ಏಳು ತಿಂಗಳಲ್ಲಿ ಮೊದಲ ಸಲ.

ಅಷ್ಟು ಸಾಕಾಯ್ತು ಅವನಿಗೆ. ನೆಲಕ್ಕೆ ಜೀವ ಬಂದ್ರೆ ಇವಳಿಗೂ ಬಂದೀತು ಅನ್ನೋ ಆಸೆ ಹುಟ್ಟಿತು. ಮೊದಲೆಲ್ಲ ಅತ್ತಿಗೆಗೆ ಸಿನಿಮಾ ಅಂದ್ರೆ ಪ್ರಾಣ, ತುಟಿ ಓದ್ಕೊಂಡೇ ನೋಡ್ತಿದ್ದಳು. ಆ ಹೋಮ್ ಥಿಯೇಟರಿಗೆ ಒಂದು ದೊಡ್ಡ ಸಬ್‌ವೂಫರ್, ಅಂದ್ರೆ ಗುಡುಗಿನಂಥ ತಗ್ಗು ಸದ್ದು ಹೊರಡಿಸೋ ಸ್ಪೀಕರ್ ಪೆಟ್ಟಿಗೆ, ಸೇರಿಸಿ, ನೆಲದ ಮೇಲೆ ಕೂರಿಸಿ, ಕಿವಿಗೆ ಕೇಳದ್ದನ್ನ ಕಾಲಿಗೆ ಕೇಳಿಸೋದು ಅಂತ ತೀರ್ಮಾನ ಮಾಡಿದ. ಅಂಗಡೀಲಿ ಸಿಗೋವು ತೀರ ಸಣ್ಣವು. ತಾನೇ ಮಾಡೋಣ ಅಂತ ಕೂತ.

ಹನ್ನೆರಡು ಇಂಚಿನ ಸ್ಪೀಕರ್ ತಂದ. ದಪ್ಪ ಪ್ಲೈವುಡ್ ಕೊಯ್ಸಿದ. ಅಂಟು ಹಚ್ಚಿ, ಸ್ಕ್ರೂ ಬಿಗಿದು, ಗಾಳಿ ಕೂಡ ಆಡದ ಹಾಗೆ ಪೆಟ್ಟಿಗೆ ಮಾಡಿದ. ಇಂಥ ಪೆಟ್ಟಿಗೆ ಒಳಗೆ ಹತ್ತಿ ತುಂಬಬೇಕು, ಇಲ್ಲದಿದ್ರೆ ಖಾಲಿ ಡಬ್ಬದ ಹಾಗೆ ಬೊಬ್ಬೆ ಹೊಡೆಯುತ್ತೆ. ಹತ್ತಿಗೆ ಎಲ್ಲಿಗೆ ಹೋಗೋದು?

ಅಟ್ಟದ ಮೇಲೆ ಮಗಳ ಪುಟ್ಟ ಹಾಸಿಗೆ ಇತ್ತು. ಅತ್ತಿಗೆ ಅದನ್ನ ನೋಡೋಕಾಗದೆ ಮೇಲೆ ಹಾಕಿಸಿದ್ದಳು. ಅವನಿಗೆ ಬಿಸಾಕೋಕೆ ಕೈ ಬಂದಿರಲಿಲ್ಲ. ಅತ್ತಿಗೆ ಮಲಗಿದ್ದಾಗ ಹೊಲಿಗೆ ಬಿಚ್ಚಿದ… ಹತ್ತಿ ಕಿತ್ತ… ಪೆಟ್ಟಿಗೆಗೆ ತುಂಬಿದ. ಮಗಳದ್ದೊಂದು ವಸ್ತು ಉಪಯೋಗಕ್ಕೆ ಬಂತಲ್ಲ, ಕಸಕ್ಕೆ ಹೋಗಲಿಲ್ಲವಲ್ಲ, ಅಂತ ಅವನಿಗೆ ಸಮಾಧಾನವೇ ಆಯ್ತಂತೆ. ಮೇಲೆ ಸ್ಪೀಕರ್ ಕೂರಿಸಿ ಎಂಟು ಸ್ಕ್ರೂ ಬಿಗಿದ. ಹೆಂಡತಿಗೆ ಹೇಳೋಣ ಅಂತ ಮಾತು ತುಟಿವರೆಗೂ ಬಂತು… ಹೇಳಲಿಲ್ಲ.

ಉಳಿದಿದ್ದು ಆಂಪ್ಲಿಫೈಯರ್. ಅಲ್ಲೇ ಅವನು ಒದ್ದಾಡಿದ್ದು. ಅಳೆದೂ ಸುರಿದೂ ಒಂದು ವಾರ ಆಯ್ತು. ಪಂಪ್‌ಹೌಸಿನ ಹಿಂದಿನ ಸಂದಿಯಲ್ಲಿ ಒಬ್ಬ ಮುದುಕನ ರಿಪೇರಿ ಅಂಗಡಿ ಇತ್ತು, ಎಲ್ಲರೂ ರೇಡಿಯೋ ತಾತ ಅನ್ನೋರು. ಬಾಗಿಲಿಂದ ಮಾಡಿನವರೆಗೂ ಬಿಚ್ಚಿಟ್ಟ ಸಾಮಾನು. ಡ್ಯೂಟಿ ಮುಗಿಸಿ ದಿನಾ ಅಲ್ಲಿಗೇ.

ತಾತ ಮೊದಲು ತೋರಿಸಿದ್ದು ಒಂದು ಹೊಳೆಯೋ ಆಂಪ್ಲಿಫೈಯರ್. ಮೇಲೆ ‘ಸಾವಿರ ವಾಟ್’ ಅಂತ ಸ್ಟಿಕ್ಕರ್. ಮೀಟರ್ ಅಣ್ಣ ಎತ್ತಿ ನೋಡಿದ, ಹೂವಿನ ಬುಟ್ಟಿ ಹಾಗೆ ಹಗುರ.

‘ಇದು ಐವತ್ತು ವಾಟ್ ಕೊಟ್ರೆ ಹೆಚ್ಚು ತಾತ.’

‘ಸ್ಟಿಕ್ಕರ್ ತಾನೇ. ನನ್ನ ಹಣೆಗೂ ಅಂಟಿಸ್ಕೋಬಹುದು, ಸಾವಿರ ವಾಟ್ ಅಂತ.’

ಎರಡನೇದು ಹೊಸ ಥರದ್ದು, ಚಿಕ್ಕದು. ಇನ್ನೂರು ವಾಟ್, ನಿಜವಾದ ಇನ್ನೂರು. ಇವನ ಸ್ಪೀಕರ್ ನಾಲ್ಕು ಓಮಿನದು, ಈ ಆಂಪ್ಲಿಫೈಯರ್ ಬಿಸಿಯಾಗದೆ ಅದನ್ನ ಆರಾಮಾಗಿ ಓಡಿಸುತ್ತೆ. ಮೂರನೇದು ಮೂಲೆಯಲ್ಲಿ ಬಟ್ಟೆ ಮುಚ್ಕೊಂಡು ಕೂತಿತ್ತು. ಹಳೇ ಕಾಲದ್ದು, ದೊಡ್ಡ ಟ್ರಾನ್ಸ್‌ಫಾರ್ಮರಿನದು. ಅದೂ ಇನ್ನೂರೇ.

‘ಚಿಕ್ಕದನ್ನೇ ತಗೋ,’ ಅಂದ ತಾತ.

‘ವ್ಯತ್ಯಾಸ ಏನು?’

‘ಚಿಕ್ಕದರಲ್ಲಿ ಒಂದು ತಡೆ ಇದೆ. ಮನುಷ್ಯನ ಕಿವಿಗೆ ಕೇಳದಷ್ಟು ಕೆಳಗಿನ ಸದ್ದು ಬಂದ್ರೆ ನಿಲ್ಲಿಸಿಬಿಡುತ್ತೆ. ಸ್ಪೀಕರಿಗೆ ಒಳ್ಳೇದು. ಆ ದೊಡ್ಡದು ಏನನ್ನೂ ತಡೆಯಲ್ಲ. ಬಂದದ್ದನ್ನೆಲ್ಲ ಬಿಟ್ಕೊಳ್ಳುತ್ತೆ.’

‘ನನಗೆ ಅದೇ ಬೇಕು. ಕೇಳೋ ಕಿವಿ ಇಲ್ಲ ತಾತ ನನ್ನ ಮನೇಲಿ. ನೆಲ ಅದುರಬೇಕು.’

ತಾತ ಅದರ ಮೇಲಿನ ಬಟ್ಟೆ ಎತ್ತಿದ. ಆಮೇಲೆ ಕೇಳಿದ, ‘ಪೆಟ್ಟಿಗೆ ಒಳಗೆ ಏನು ತುಂಬಿದ್ದೀಯ?’

‘ಹತ್ತಿ.’

‘ಹೊಸದಾ?’

‘…ಹಾಸಿಗೇದು.’

‘ಹಾಸಿಗೆ ಹತ್ತಿ ಬೇಡ ಕಣೋ. ಮಲಗಿದವರ ಭಾರ ಅದರಲ್ಲಿ ಉಳ್ಕೊಂಡಿರುತ್ತೆ. ಗಾಳಿ ಆಡಲ್ಲ. ತೆಗೆದು ಬೇರೆ ಹಾಕು.’

‘ಆಯ್ತು’ ಅಂದ. ತೆಗೀಲಿಲ್ಲ. ದೊಡ್ಡದನ್ನ ಆನ್ ಮಾಡಿ, ಬಿಸಿ ನೋಡಿ, ಗುಂಯ್ ಅನ್ನೋ ಅದರ ಗೊರಕೆ ಕೇಳಿ, ಮೀಟರ್ ಹಿಡಿದು ಎಲ್ಲ ಅಳೆಯೋ ಹೊತ್ತಿಗೆ ಹನ್ನೊಂದಾಯ್ತು. ಅದನ್ನ ಹೊತ್ಕೊಂಡು ಬರ್ತಿದ್ದಾಗಲೇ ಬಾವಿ ಹತ್ತಿರ ಆ ಟಕ್ ಕೇಳಿದ್ದು.

ಮಾರನೇ ದಿನ ಎಲ್ಲ ಜೋಡಿಸಿದ. ಸ್ಪೀಕರ್ ಮುಂದೆ ಕಬ್ಬಿಣದ ಜಾಲರಿ ಹಾಕಿ ಅದಕ್ಕೂ ಎಂಟು ಸ್ಕ್ರೂ ಕೊಟ್ಟ. ಪೆನ್ಸಿಲ್ ತುದಿ ಕೂಡ ತೂರದಷ್ಟು ಸಣ್ಣ ಕಣ್ಣಿನ ಜಾಲರಿ. ಯಾರ ಬೆರಳಿಗೆ ಹೆದರಿ ಹಾಕಿದನೋ, ಅಭ್ಯಾಸ ಅಷ್ಟೇ ಅಂದ ನನ್ನ ಹತ್ತಿರ. ಸಂಜೆ ಅತ್ತಿಗೆಯನ್ನ ಎಬ್ಬಿಸಿ ಕುರ್ಚಿ ಮೇಲೆ ಕೂರಿಸಿ, ಪಾದ ನೆಲಕ್ಕೆ ಊರಿಸಿ, ಒಂದು ಸಿನಿಮಾ ಹಾಕಿದ. ರೈಲು ಸೇತುವೆ ದಾಟೋ ದೃಶ್ಯ. ಗುಡುಗುಡು ಅಂತ ನೆಲ ಎದ್ದು ಬಂದ ಹಾಗಾಯ್ತು. ಅತ್ತಿಗೆ ಕಾಲು ನೋಡ್ಕೊಂಡಳು. ಗಂಡನ ಮುಖ ನೋಡಿದಳು. ತುಟಿ ಅಂಚಿನಲ್ಲಿ ಒಂದು ಚೂರು ನಗು. ಆ ರಾತ್ರಿ ಊಟಕ್ಕೆ ತಾನೇ ಕೇಳಿ ಎರಡನೇ ಸಲ ಅನ್ನ ಬಡಿಸ್ಕೊಂಡಳು. ಅವನು ಅಡುಗೆಮನೆಗೆ ಹೋಗಿ ಗೋಡೆಗೆ ಹಣೆ ಇಟ್ಟು ಅತ್ತ.

ಮೂರನೇ ರಾತ್ರಿ. ಎರಡು ಗಂಟೆ ಇರಬಹುದು. ಟೀವಿ ಇಲ್ಲ, ಆಂಪ್ಲಿಫೈಯರಿನ ಸ್ವಿಚ್ಚೂ ಆರಿಸಿದೆ. ಮೀಟರ್ ಅಣ್ಣನಿಗೆ ಎಚ್ಚರ ಆಯ್ತು.

ಟಕ್.

ಆಮೇಲೆ ಏನೂ ಇಲ್ಲ. ಗಡಿಯಾರದ ಸದ್ದು… ಕೆಳಗೆ ಗೋದಾಮಿನಲ್ಲಿ ಇಲಿ…

ದಬ್. ದಬ್.

ಪಕ್ಕಕ್ಕೆ ಕೈ ಹಾಕಿದ. ಹಾಸಿಗೆ ಖಾಲಿ. ಟಾರ್ಚ್ ಬಿಟ್ಟ. ಅತ್ತಿಗೆ ಪೆಟ್ಟಿಗೆ ಮುಂದೆ ಕೂತಿದಾಳೆ, ಅಂಗೈ ಅದರ ಮೇಲಿಟ್ಟು. ಇವನಿಗಿಂತ ಮೊದಲೇ ಎದ್ದು ಹೋಗಿದಾಳೆ. ಟಾರ್ಚನ್ನ ತನ್ನ ಮುಖಕ್ಕೆ ತಿರುಗಿಸಿ ತುಟಿ ಆಡಿಸಿದ.

‘ಏನು?’

‘ಕರೀತಿದಾಳೆ,’ ಅಂದಳು.

‘ಯಾರು?’

ಅವನ ಕೈ ಹಿಡಿದು ಪೆಟ್ಟಿಗೆ ಮೇಲಿಟ್ಟಳು. ದಬ್. ದಬ್. ಎರಡನೇದು ಮೊದಲನೇದಕ್ಕಿಂತ ಒಂದು ಚೂರು ಮೆತ್ತಗೆ. ಹಿಮ್ಮಡಿ ನೋಯುತ್ತೆ ಅಂತ ಗುಡುಗಮ್ಮ ಎರಡನೇದನ್ನ ಯಾವಾಗಲೂ ಮೆತ್ತಗೆ ಬಡೀತಿದ್ದಳು.

ಅವನು ಎಲೆಕ್ಟ್ರೀಷಿಯನ್ ಅಲ್ಲವಾ. ಎದ್ದು ಪ್ಲಗ್ ಕಿತ್ತ. ಒಳಗೆ ಉಳಿದ ಕರೆಂಟು ಸ್ವಲ್ಪ ಹೊತ್ತು ಇರುತ್ತೆ ಅಂತ ಕಾದ. ಹತ್ತು ನಿಮಿಷ. ಇಪ್ಪತ್ತು ನಿಮಿಷ.

ದಬ್. ದಬ್.

ಬೆಳಗಾಗುತ್ತಲೇ ತಾತನ ಹತ್ತಿರ ಓಡಿದ. ದೊಡ್ಡದನ್ನ ವಾಪಸ್ ಕೊಟ್ಟು ಚಿಕ್ಕದನ್ನ ತಂದ. ತಡೆ ಇರೋದು. ತಾತ ಯಾಕೆ ಅಂತ ಕೇಳಲಿಲ್ಲ. ‘ಹತ್ತಿ ತೆಗೆದ್ಯಾ?’ ಅಂತ ಮಾತ್ರ ಕೇಳಿದ. ಇವನು ತಲೆ ತಗ್ಗಿಸಿ ಬಂದ. ಆ ರಾತ್ರಿ ಚಿಕ್ಕದನ್ನ ಹಾಕಿ, ಪ್ಲಗ್ ಕಿತ್ತಿಟ್ಟು ಮಲಗಿದ. ಎರಡು ಗಂಟೆಗೆ ದಬ್, ದಬ್. ಅದರ ಮಾರನೇ ರಾತ್ರಿ ಆಂಪ್ಲಿಫೈಯರನ್ನೇ ತೆಗೆದು ಪಕ್ಕಕ್ಕಿಟ್ಟ. ಸ್ಪೀಕರಿಂದ ಬರೋ ಎರಡು ವೈರು ಬರೀ ಗಾಳಿಯಲ್ಲಿವೆ. ಆ ಎರಡು ತುದಿಗೆ ತನ್ನ ಮೀಟರ್ ಹಾಕಿ, ಟಾರ್ಚ್ ಹಿಡಿದು ಕಾದು ಕೂತ.

ಇದು ಸ್ವಲ್ಪ ಗಮನ ಇಟ್ಟು ಕೇಳಿ. ಸ್ಪೀಕರಿಗೆ ಕರೆಂಟ್ ಕೊಟ್ರೆ ಅಲುಗುತ್ತೆ, ಸರಿ. ಉಲ್ಟಾನೂ ಹೌದು. ಕೈಯಲ್ಲಿ ಅಲುಗಿಸಿದ್ರೆ ಅದರಿಂದ ಕರೆಂಟು ಹುಟ್ಟುತ್ತೆ, ಮೀಟರ್ ಮುಳ್ಳು ಆಡುತ್ತೆ. ಹೊರಗಿಂದ ಒತ್ತಿದ್ರೆ ಮುಳ್ಳು ಎಡಕ್ಕೆ, ಒಳಗಿಂದ ತಳ್ಳಿದ್ರೆ ಬಲಕ್ಕೆ. ರಿಪೇರಿ ಮಾಡೋರಿಗೆಲ್ಲ ಗೊತ್ತಿರೋ ವಿಷಯ.

ದಬ್.

ಮುಳ್ಳು ಬಲಕ್ಕೆ ಹೋಯ್ತು.

ದಬ್.

ಮತ್ತೆ ಬಲಕ್ಕೆ.

ಅವನು ಮೀಟರ್ ಕೆಳಗಿಟ್ಟ. ಒಂದು ವಾರ ಯಾವ ಆಂಪ್ಲಿಫೈಯರ್, ಎಷ್ಟು ವಾಟ್, ಎಷ್ಟು ಓಮ್ ಅಂತ ತಲೆ ಕೆಡಿಸ್ಕೊಂಡಿದ್ದ. ಯಾವುದನ್ನ ಆರಿಸಿದ್ರೂ ಇದೇ ಆಗ್ತಿತ್ತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅಂತಾರಲ್ಲ, ಹಾಗಾಯ್ತು. ಒಳಗೆ ಏನಿದೆ ಅಂತ ಅವನೊಬ್ಬನಿಗೇ ಗೊತ್ತು.

ಹೇಳಬೇಕಿತ್ತು. ಆಗಲೇ ಬಿಚ್ಚಬೇಕಿತ್ತು. ಆದ್ರೆ ಅತ್ತಿಗೆ ಚೇತರಿಸ್ಕೊಳ್ತಿದ್ದಳು, ಏನು ಮಾಡ್ತಾನೆ ಹೇಳಿ? ಹೊತ್ತಿಗೆ ಸರಿಯಾಗಿ ಊಟ. ತಲೆ ಬಾಚ್ಕೊಂಡು ಅಚ್ಚುಕಟ್ಟಾಗಿ ಇರ್ತಿದ್ದಳು. ನಾನು ಹೋದಾಗ, ‘ಬಾರಪ್ಪ, ಏನು ಇಷ್ಟು ಸೊರಗಿದ್ದೀಯ’ ಅಂತ ನನ್ನನ್ನೇ ಕೇಳಿದಳು. ರಾತ್ರಿ ಎರಡಕ್ಕೆ ಎದ್ದು ಪೆಟ್ಟಿಗೆ ಪಕ್ಕ ಕೂತು, ಕರೆದಾಗಲೆಲ್ಲ ತಾನೂ ಹಿಮ್ಮಡಿಯಿಂದ ಎರಡು ಸಲ ಬಡೀತಿದ್ದಳು. ಇಲ್ಲೇ ಇದ್ದೀನಿ ಅಂತ. ಅದನ್ನ ಕಿತ್ಕೊಳ್ಳೋ ಧೈರ್ಯ ಅವನಿಗೆ ಬರಲಿಲ್ಲ. ನನಗೂ ಬರ್ತಿರಲಿಲ್ಲ.

ಹದಿನೈದು ದಿನ ಹೀಗೇ ನಡೀತು. ಹದಿನಾರನೇ ರಾತ್ರಿ…

ದಬ್. ದಬ್. ದಬ್.

ಮೂರು.

ಅತ್ತಿಗೆ ಎದ್ದವಳೇ ಓಡಿದಳು. ಬೀದಿ ಬಾಗಿಲ ಚಿಲಕ… ಕಿರ್ರ್… ತೆಗೆದಳು. ಮೆಟ್ಟಿಲ ತುದಿಯಲ್ಲಿ ಯಾರೂ ಇಲ್ಲ. ತಣ್ಣನೆ ಗಾಳಿ ಒಳಗೆ ಬಂತು. ಹಾಗೇ ನಿಂತಳು, ಬೆಳಗಾಗೋವರೆಗೂ. ಮಾರನೇ ರಾತ್ರಿ ಮತ್ತೆ ಮೂರು. ಬೀದಿ ಬಾಗಿಲು ತೆಗೆದಳು, ಹಿಂದಿನ ಬಾಗಿಲು ತೆಗೆದಳು, ಕಿಟಕಿ, ಬೀರು, ಅಡುಗೆಮನೆಯ ಕಪಾಟು, ಮುಚ್ಚಿದ್ದನ್ನೆಲ್ಲ ತೆಗೆದಳು. ದಬ್ ದಬ್ ದಬ್. ಅದರ ಮಾರನೇ ರಾತ್ರಿ ಬರಿಗಾಲಲ್ಲಿ ಬೀದಿಗೇ ಹೋದಳು. ಮೀಟರ್ ಅಣ್ಣ ಹುಡುಕ್ಕೊಂಡು ಹೋದ್ರೆ, ಬಾವಿ ತಗಡಿನ ಬೆಸುಗೆಯನ್ನ ಉಗುರಲ್ಲಿ ಕೆರೀತಿದಾಳೆ. ಕೆರ್, ಕೆರ್, ಕೆರ್. ಬೆರಳ ತುದಿಯೆಲ್ಲ ರಕ್ತ.

ಅವಳನ್ನ ತನ್ನ ಕಡೆ ತಿರುಗಿಸ್ಕೊಂಡ. ಟಾರ್ಚನ್ನ ಮುಖಕ್ಕೆ ಬಿಟ್ಕೊಂಡ.

‘ಇಲ್ಲಿಲ್ಲ. ಮನೆಗೆ ಬಾ.’

‘ಬಾಗಿಲು ತೆಗಿ ಅಂತಿದಾಳೆ ರೀ. ಯಾವ ಬಾಗಿಲು ಅಂತ ಗೊತ್ತಾಗ್ತಿಲ್ಲ ನನಗೆ.’

‘ನನಗೆ ಗೊತ್ತು.’

ಮನೆಗೆ ಕರ್ಕೊಂಡು ಬಂದ. ಪೆಟ್ಟಿಗೆ ಮುಂದೆ ಕೂರಿಸಿದ. ಹೇಳಿದ. ಮಗಳ ಹಾಸಿಗೆ ಬಿಚ್ಚಿದ್ದು, ಹತ್ತಿ ತುಂಬಿದ್ದು, ಅಂಟು ಹಾಕಿ ಸ್ಕ್ರೂ ಬಿಗಿದಿದ್ದು, ಎಲ್ಲ. ಅವಳು ಅವನ ತುಟಿಯನ್ನೇ ನೋಡ್ತಾ ಇದ್ದಳು. ಮುಗಿದ ಮೇಲೆ ಕೇಳಿದ್ದು ಒಂದೇ ಮಾತು.

‘ಒಳಗೆ ಹಾಕಿ ಮುಚ್ಚಿದ್ರಾ?’

ಅವನು ಸ್ಕ್ರೂಡ್ರೈವರ್ ತಂದು ಬಿಚ್ಚೋಕೆ ಕೂತ. ಜಾಲರಿಯ ಎಂಟು ಸ್ಕ್ರೂ. ಸ್ಪೀಕರಿನ ಎಂಟು ಸ್ಕ್ರೂ. ಪ್ರತಿಯೊಂದೂ ಕಿರಕ್, ಕಿರಕ್. ಒಳಗಿಂದ ಬಡಿತ ನಿಂತಿತ್ತು. ಕೊನೇ ಸ್ಕ್ರೂ ಬಿಚ್ಚಿ ಸ್ಪೀಕರ್ ಎತ್ತಿದಾಗ ಒಂದು ಸದ್ದು ಬಂತಂತೆ. ಬಹಳ ಹೊತ್ತು ಉಸಿರು ಕಟ್ಕೊಂಡು ಬಿಟ್ಟ ಹಾಗೆ… ಹ್ಹಾ. ಅಷ್ಟೇ. ಒಳಗೆ ಬರೀ ಹತ್ತಿ.

ಅತ್ತಿಗೆ ಹತ್ತಿಯನ್ನೆಲ್ಲ ಒಂದು ಎಳೆ ಬಿಡದೆ ಮಡಿಲಿಗೆ ತುಂಬ್ಕೊಂಡಳು. ನೆಲಕ್ಕೆ ಪಾದ ಊರಿ ಕಾದಳು. ಹಿಮ್ಮಡಿಯಿಂದ ಎರಡು ಸಲ ಬಡಿದಳು. ಕಾದಳು. ಮತ್ತೆ ಬಡಿದಳು.

ಏನೂ ಬರಲಿಲ್ಲ. ಆ ರಾತ್ರಿಯೂ ಇಲ್ಲ, ಆಮೇಲೆ ಯಾವ ರಾತ್ರಿಯೂ ಇಲ್ಲ.

‘ಬಾಗಿಲು ತೆಗೆದ್ರಿ, ಹೊರಟುಹೋದಳು,’ ಅಂದಳು ಅತ್ತಿಗೆ. ‘ತೆಗೀಬೇಕಿತ್ತು. ತೆಗೀಬಾರದಿತ್ತು.’ ಎರಡನ್ನೂ ಹೇಳಿದಳು. ಗಂಡನ ಮೇಲೆ ಸಿಟ್ಟು ಮಾಡ್ಕೊಳ್ಳಲಿಲ್ಲ. ಮಾಡ್ಕೊಂಡಿದ್ರೆ ಚೆನ್ನಾಗಿತ್ತು ಅಂತಾನೆ ಅವನು. ಹತ್ತಿಯನ್ನ ಒಂದು ಪುಟ್ಟ ದಿಂಬು ಮಾಡಿ ಹೊಲಿದಳು. ಅದನ್ನ ತಬ್ಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ತಿರುಗಿ ಮಲಗಿದವಳ ಹತ್ತಿರ ಮಾತಾಡೋದು ಹೇಗೆ? ತುಟಿ ಕಾಣಬೇಕಲ್ಲ. ಮೀಟರ್ ಅಣ್ಣ ಒಂದು ಸಲ ನೆಲಕ್ಕೆ ಹಿಮ್ಮಡಿಯಿಂದ ಬಡಿದು ಕರೆದನಂತೆ. ಅವಳು ತಟ್ಟನೆ ಎದ್ದು ತಿರುಗಿದಳು. ಬಡಿದವನು ಇವನು ಅಂತ ನೋಡಿದಳು. ಆ ಮುಖ ನೋಡಿದ ಮೇಲೆ ಅವನು ಆ ಮನೆಯಲ್ಲಿ ಹೆಜ್ಜೆಯನ್ನೂ ಮೆತ್ತಗೆ ಇಡ್ತಿದ್ದ.

ನಾಲ್ಕು ತಿಂಗಳಿಗೆ ಅತ್ತಿಗೆ ಹೋದಳು. ಆಗಲೂ ಡಾಕ್ಟರು ಕಾಯಿಲೆ ಏನೂ ಇಲ್ಲ ಅಂದ್ರು. ದಿಂಬನ್ನ ಅವಳ ಜೊತೆಗೇ ಕಳಿಸಿದ್ವಿ.

ಮೀಟರ್ ಅಣ್ಣ ಇದಾನೆ. ಪಂಪ್‌ಹೌಸಿನಲ್ಲೇ ಒಂದು ಕೋಣೆ ಕೊಟ್ಟಿದಾರೆ. ದನಿ ಎತ್ತಿ ಮಾತಾಡೋದು ಅವನಿಗೆ ಮರೆತೇಹೋಗಿದೆ, ಈ ಕತೆಯನ್ನೆಲ್ಲ ಅವನು ನನಗೆ ಹೇಳಿದ್ದು ತುಟಿಯಲ್ಲೇ, ಟಾರ್ಚ್ ಹಿಡ್ಕೊಂಡು. ದುಃಖದಲ್ಲಿ ತಲೆ ಕೆಟ್ಟಿತ್ತು, ಇಬ್ಬರೂ ಸೇರಿ ಏನೋ ಕಲ್ಪನೆ ಮಾಡ್ಕೊಂಡ್ರು ಅಂತೀರಿ ನೀವು. ನಾನೂ ಹಾಗೇ ಅಂದ್ಕೊಂಡಿದ್ದೆ. ಸತ್ಯವಾಗ್ಲೂ ಹಾಗೇ ಅಂದ್ಕೊಂಡಿದ್ದೆ.

ಆದ್ರೆ ಮನೆ ಖಾಲಿ ಮಾಡೋ ದಿನ ಸಾಮಾನು ಇಳಿಸೋಕೆ ಹೋಗಿದ್ದು ನಾನು. ಪೆಟ್ಟಿಗೆ ಮಂಚದ ಕೆಳಗಿತ್ತು. ಹತ್ತಿ ತೆಗೆದ ರಾತ್ರಿಯೇ ಅವನು ಅದನ್ನ ಮತ್ತೆ ಮುಚ್ಚಿದ್ದ. ‘ಮುಚ್ಚೋ ಮುಂಚೆ ಸ್ಪೀಕರನ್ನ ಬಟ್ಟೆಯಲ್ಲಿ ಒರೆಸಿದ್ದೆ, ನಡುವಿನ ಉಬ್ಬು ಮೊಟ್ಟೆ ಹಾಗೆ ನುಣ್ಣಗಿತ್ತು’ ಅಂತ ಆಣೆ ಮಾಡಿ ಹೇಳ್ತಾನೆ. ಜಾಲರಿ ಬಿಗಿದು, ಎಂಟೂ ಸ್ಕ್ರೂ ತಲೆಗೆ ಸಂದಿ ಮುಚ್ಚೋ ಪುಟ್ಟಿ ತುಂಬಿ, ಮೇಲೆ ಕಪ್ಪು ಬಣ್ಣ ಹಚ್ಚಿದ್ದ, ಇನ್ನು ಯಾರೂ ಬಿಚ್ಚಬಾರದು ಅಂತ. ನಾನು ನೋಡಿದಾಗ ಬಣ್ಣ ಒಂದು ಕಡೆಯೂ ಒಡೆದಿರಲಿಲ್ಲ. ಒಂದೊಂದಾಗಿ ಕೆರೆದು ಬಿಚ್ಚಿದವನು ನಾನೇ, ಈ ಕೈಯಲ್ಲೇ. ಜಾಲರಿ ಎತ್ತಿದೆ.

ಉಬ್ಬಿನ ಮಧ್ಯದಲ್ಲಿ ಒಂದು ಗುಳಿ ಇತ್ತು. ನನ್ನ ಕಿರುಬೆರಳು ಇಟ್ಟು ನೋಡಿದೆ, ಅದರ ತುದಿಯೂ ಕೂರಲಿಲ್ಲ, ಅಷ್ಟು ಚಿಕ್ಕದು.